ಅಲ್ಯಾಕ್ರಿಟಿಯಿಂದ ಬರುತ್ತೇನೆ

ಮಧುಗಿರಿಯ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತನಾಗಿದ್ದಾಗ ನನಗೊಂದು ಇಂಗ್ಲಿಷ್ ಪದದ ಹುಚ್ಚು ಹಿಡಿದಿತ್ತು: ಅಲ್ಯಾಕ್ರಿಟಿ. ಹೇಳಿದ್ದನ್ನು ಹಿಂದೆಮುಂದೆ ನೋಡದೆ, ಖುಷಿಯಿಂದ, ತಕ್ಷಣ ಮಾಡುವುದು ಎಂದು ಅರ್ಥ. ಅಮಲ್ದಾರರು ಒಮ್ಮೆ ನನ್ನ ಕೆಲಸ ಮೆಚ್ಚಿ ಕಡತದ ಅಂಚಿನಲ್ಲಿ ಅದನ್ನು ಬರೆದಿದ್ದರು. ಆಮೇಲೆ ಕೇಳಬೇಕೆ? ಮಸಿ ತರಿಸುವ ಚೀಟಿಯಲ್ಲೂ ಅಲ್ಯಾಕ್ರಿಟಿ, ನೆಂಟರಿಗೆ ಬರೆದ ಕಾಗದದಲ್ಲೂ ಅಲ್ಯಾಕ್ರಿಟಿ. ಜೊತೆಯ ಗುಮಾಸ್ತರು ನಗುತ್ತಿದ್ದರು. ಅವರಿಗೆ ಹೊಟ್ಟೆಕಿಚ್ಚು ಎಂದುಕೊಂಡಿದ್ದೆ. ಆ ಹಮ್ಮಿಗೆ ಈಗ ನಗು ಬರುತ್ತದೆ. ಆದರೂ ಆ ಮಸಿಯ ವಾಸನೆ, ಕಿಟಕಿಯಾಚೆಯ ಬೆಟ್ಟ, ಆ ನಗು ಎಲ್ಲ ಇನ್ನೊಂದು ಸಲ ಬೇಕೆನಿಸುತ್ತದೆ.

ಒಂದು ದಿನ ನಮ್ಮೂರು ತೋವಿನಕೆರೆಯಿಂದ ಕಾರ್ಡು ಬಂತು. ಅಪ್ಪನಿಗೆ ಬರೆಯಲು ಬಾರದು. ಊರಿನ ಮೇಷ್ಟರು ಅವನು ಹೇಳಿದಂತೆಯೇ ಬರೆದಿದ್ದರು. "ಕಣ್ಣು ದಿನೇದಿನೇ ಮಂಜಾಗ್ತಾ ಐತೆ. ನಿನ್ನ ಮುಖ ಕಾಣೋವಾಗ್ಲೇ ಒಂದ್ಸಲ ಬಂದ್ಬುಡು."

ಅವತ್ತೇ ಉತ್ತರ ಹಾಕಿದೆ: "ಅಲ್ಯಾಕ್ರಿಟಿಯಿಂದ ಬರುತ್ತೇನೆ."

ಅಮಲ್ದಾರರು ಕೂಗಿದರೆ ಕೇಳುವಷ್ಟು ಹತ್ತಿರದಲ್ಲೇ ಕೂತಿದ್ದರು. ಎದ್ದು ಹೋಗಿ ರಜೆ ಕೇಳಬಹುದಿತ್ತು. ಅದು ಕಚೇರಿಯ ಕ್ರಮವಲ್ಲ ಎಂದು ಇಂಗ್ಲಿಷಿನಲ್ಲಿ ಅರ್ಜಿ ಬರೆಯಲು ಕೂತೆ. ನನ್ನ ಪದ ಸರಿಯಾದ ಜಾಗದಲ್ಲಿ ಕೂರಲಿಲ್ಲವೆಂದು ಮೂರು ಸಲ ಹರಿದು ಹಾಕಿದೆ. ನಾಲ್ಕನೆಯದು ಶಿರಸ್ತೇದಾರರ ಮೇಜು ದಾಟುವಷ್ಟರಲ್ಲಿ ಅಮಲ್ದಾರರು ಹಳ್ಳಿಗಳ ಸರ್ಕೀಟು ಹೊರಟಾಗಿತ್ತು.

ಅವರು ವಾಪಸು ಬಂದದ್ದು ಮೂರು ವಾರದ ಮೇಲೆ. ಅರ್ಜಿ ಓದಿ ಕರೆಸಿದರು. "ಬಾಯಲ್ಲಿ ಒಂದು ಮಾತು ಹೇಳೋಕೆ ಏನಾಗಿತ್ತಯ್ಯಾ? ಅವತ್ತೇ ಕಳಿಸ್ತಿದ್ದೆನಲ್ಲ!" ಎಂದು ಗದರಿದರು. ಅವತ್ತೇ ಊರಿಗೆ ಹೊರಟೆ.

ಊರು ಸೇರಿದಾಗ ಇನ್ನೂ ಬಿಸಿಲಿತ್ತು. ಅಪ್ಪ ಜಗುಲಿಯ ಮೇಲೆ ದಾರಿಗೆ ಮುಖ ಮಾಡಿ ಕೂತಿದ್ದ. ಅವ್ವ ಬಾಗಿಲಿಗೆ ಬಂದು ಮೆಲ್ಲಗೆ ಹೇಳಿದಳು: "ನಿನ್ ಕಾಗದದಾಗೆ ಅದೇನೋ ಇಂಗ್ಲೀಸ್ ಮಾತಿತ್ತಂತೆ. ಕರೆದೇಟ್ಗೆ ಓಡಿಬರ್ತಾನೆ ಅಂತ ಮೇಷ್ಟ್ರು ಅರ್ಥ ಹೇಳುದ್ರು. ಅವತ್ತಿಂದ ಜಗುಲಿ ಬುಟ್ಟು ಎದ್ದಿಲ್ಲ ಕಣಪ್ಪ."

ನಾನು ಅಪ್ಪನ ಮುಂದೆಯೇ ಹೋಗಿ ನಿಂತೆ.

"ಯಾರ್ಲಾ ಅದು?" ಎಂದ.

ಅಲ್ಲೇ ಕುಸಿದು ಕೂತು ಅತ್ತುಬಿಟ್ಟೆ. ಅಳು ಕೇಳಿ ಅಪ್ಪನಿಗೆ ಗುರುತು ಸಿಕ್ಕಿತು. ಕೈ ಚಾಚಿ ನನ್ನ ಹಣೆ, ಮೂಗು, ಮೀಸೆಯನ್ನೆಲ್ಲ ನಿಧಾನವಾಗಿ ಸವರಿದ.

"ಅಳ್ಬ್ಯಾಡ ಸುಮ್ಕಿರು. ಬೇಗ್ನೇ ಬಂದೆ ಬುಡ್ಲಾ," ಎಂದ.