ಮುಸುವನ ಸೂತಕ

ಸಂಗೊಳ್ಳಿಯ ದಿಗಂಬರ ಮಾಸ್ತರರು ದಿನಾ ಬೈಲಹೊಂಗಲಕ್ಕೆ ಹೋಗಿ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವರು. ಹುಟ್ಟಿದ್ದು ಪುರೋಹಿತರ ಮನೆತನದಲ್ಲಿ. ಆದರೂ ಪಂಚಾಂಗದ ಮೇಲೆ ಅವರು ಸಾರಿದ ಮಹಾಯುದ್ಧದಲ್ಲಿ ಒಮ್ಮೆಯೂ ಸೋತವರಲ್ಲ. ಜನಿವಾರವನ್ನು ಗೂಟಕ್ಕೆ ನೇತುಹಾಕಿದರು. ಗ್ರಹಣದ ಹೊತ್ತಿನಲ್ಲಿ ಅಂಗಳದ ನಡುವೆ ಕೂತು ಗಿರಮಿಟ್ಟು ತಿಂದರು. ದಾಯಾದಿ ಸತ್ತಾಗ ಸೂತಕದ ಸ್ನಾನವನ್ನೂ ಮಾಡಲಿಲ್ಲ. ಎದುರುಪಕ್ಷದಲ್ಲಿ ಇದ್ದವರು ತಾಯಿ ಇಂದಿರಾಬಾಯಿ ಒಬ್ಬರೇ. ಅವರು ಜಗಳಕ್ಕೇ ಬರುತ್ತಿರಲಿಲ್ಲ, ಅದೇ ಮಾಸ್ತರರಿಗೆ ಕಷ್ಟ.

ಕಪ್ಪು ಮೋರೆಯ ಒಂದು ಮುದಿ ಹೆಣ್ಣು ಮುಸುವ ದಿನಾ ಅವರ ಹಿತ್ತಲಿಗೆ ಬರುತ್ತಿತ್ತು. ಇಂದಿರಾಬಾಯಿಯ ಕೈಯಿಂದಲೇ ರೊಟ್ಟಿ ಇಸಿದುಕೊಂಡು, ಅವರ ಪಕ್ಕದಲ್ಲೇ ಕಟ್ಟೆಯ ಮೇಲೆ ಕೂತು ತಿನ್ನುತ್ತಿತ್ತು. ಒಂದು ಬೆಳಿಗ್ಗೆ ಅದು ಕರೆಂಟಿನ ತಂತಿ ಹಿಡಿದು ಸತ್ತಿತು. ಓಣಿಯವರು ಹಣೆಗೆ ಕುಂಕುಮ ಹಚ್ಚಿ, ಬಾಬುಸಾಬನ ಟೆಂಪೋದಲ್ಲಿ ಮಲಗಿಸಿ, ಭಜನೆ ಹಾಡುತ್ತ ಒಯ್ದು ಹೊಳೆಯ ದಂಡೆಯಲ್ಲಿ ಮಣ್ಣು ಮಾಡಿದರು.

ಅಂದು ಇಂದಿರಾಬಾಯಿ ಒಲೆ ಹಚ್ಚಲಿಲ್ಲ. ಪಕ್ಕದ ಮನೆಯ ಸುಂದರವ್ವ ನಕ್ಕಳು. “ಮಂಗ್ಯಾ ಸತ್ತರ ಉಪಾಸ ಏನ್ರಿ ಬಾಯಾರ? ಅದೇನ್ ನಿಮಗ ಬೀಗತಿ ಆಗಬೇಕೇನ್ರಿ?”

ಇಂದಿರಾಬಾಯಿ ಮಗನ ಮುಂದೆ ಬಂದು ನಿಂತರು. “ದಿಗ್ಯಾ, ನಿನ್ನ ಶಾಸ್ತ್ರದಾಗ ಅದು ನಮಗೇನಾಗಬೇಕೋ? ಖರೇ ಹೇಳು. ನಾ ಅತ್ತರ ಮಂದಿ ನಗೂಹಂಗ ಅದ ಏನು?”

ಮಾಸ್ತರರ ನಾಲಿಗೆಯ ತುದಿಗೆ ಒಂದು ಕೊಂಕುಮಾತು ಬಂದಿತ್ತು. ಮುಸುವನಿಗೆಂದು ತೆಗೆದಿಟ್ಟಿದ್ದ ನಿನ್ನೆಯ ಅರ್ಧ ರೊಟ್ಟಿ ಇನ್ನೂ ತಾಯಿಯ ಕೈಯಲ್ಲೇ ಇದ್ದದ್ದು ಕಂಡಿತು. ಮಾತು ನುಂಗಿಕೊಂಡು, ಕಡ್ಡಿಯಿಂದ ಅಂಗಳದ ಮಣ್ಣಿನಲ್ಲಿ ಗೆರೆ ಎಳೆದು ಕವಲು ಮಾಡಿದರು.

“ಈ ತುದೀಗೆ ನಾವು, ಆ ತುದೀಗೆ ಅದು. ಮಂದಿ ಅಂತಾರಲ್ಲ, ಮಂಗ್ಯಾ ನಮ್ಮ ಅಜ್ಜ ಅಂತ, ಹಂಗಲ್ಲ ಅವ್ವಾ. ಇಲ್ಲಿ ಕವಲು ಒಡದದ ನೋಡು, ಅಲ್ಲಿದ್ದ ಮುತ್ತಜ್ಜಿ ಇಬ್ಬರಿಗೂ ಒಬ್ಬಾಕೀನ. ಬರೇ ಮಾರಿ ನೋಡಿ ಹೇಳಿದ್ದಲ್ಲ, ಎಲುಬು, ರಕ್ತ ಎಲ್ಲಾ ತೂಗಿ ನೋಡಿ ಹೇಳಿದ್ದು.”

“ಎಷ್ಟು ತಲಿ ಹಿಂದ?”

“ಎರಡೂವರೆ ಕೋಟಿ ವರ್ಷದ ಮ್ಯಾಲೆ. ತಲಿ ಎಣಿಸಲಿಕ್ಕೆ ಆಗೂದಿಲ್ಲ.”

“ಏಳು ತಲಿ ಒಳಗಾದರ ಹತ್ತು ದಿನ ಸೂತಕ. ಹದಿನಾಲ್ಕರ ಒಳಗ ಮೂರು ದಿನ. ಅದಕ್ಕೂ ದೂರಾದರ ಬರೇ ಸ್ನಾನ.” ಇಂದಿರಾಬಾಯಿ ಗೆರೆಯನ್ನೇ ನೋಡುತ್ತಿದ್ದರು. “ದೂರಾದರೂ ಸಂಬಂಧ ಅಂತೂ ಅದ, ಹೌದಲ್ಲೋ?”

“ಅದ.”

ಇಂದಿರಾಬಾಯಿ ಅಲ್ಲೇ ಕಟ್ಟೆಯ ಮೇಲೆ ಕೂತು ಬಾಯಿಬಿಟ್ಟು ಅತ್ತರು. ಸುಂದರವ್ವ ನಗಲಿಲ್ಲ, ಬಂದು ಬೆನ್ನು ಸವರಿದಳು.

ಆಮೇಲೆ ಸ್ನಾನ ಮಾಡಿ ಬಚ್ಚಲಿನಿಂದ ಹೊರಬಂದ ಇಂದಿರಾಬಾಯಿಗೆ ಬಾಗಿಲಲ್ಲೇ ಮಗ ಎದುರಾದ. ಎಂದೂ ಸೋಲದ ಆ ವೀರ ಮಾಸ್ತರರು ತಣ್ಣೀರಿನ ಕೊಡವೆತ್ತಿ, ಉಟ್ಟ ಬಟ್ಟೆಯಲ್ಲೇ ತಲೆಯ ಮೇಲೆ ಸುರಿದುಕೊಂಡರು.

“ತಲಿ ಒರಸಿಕೋ,” ಎಂದರು ಇಂದಿರಾಬಾಯಿ, “ಥಂಡಿ ಆದೀತು.”