ಚಿನ್ನಿಯ ಬಾಯಿಯ ನೊರೆ

ಚಿನ್ನಿಯ ಪಕ್ಕ ಕೂತು ಆತುರದಲ್ಲಿ ಬರೆಯುತ್ತಿದ್ದೇನೆ ಸ್ನೇಹಿತರೇ, ಅಕ್ಷರ ತಪ್ಪಿದ್ದರೆ ಸರಿಮಾಡಿಕೊಂಡು ಓದಿ.

ಬೆಳಿಗ್ಗೆ ಕಾಫಿ ಹಿಡಿದು ಹಾಲ್‌ಗೆ ಬಂದರೆ ನಮ್ಮ ಬೆಕ್ಕು ಚಿನ್ನಿ ಸೋಫಾದ ಕೆಳಗೆ ಕೂತು ಬಾಯಿಂದ ನೊರೆ ಸುರಿಸುತ್ತಿದ್ದಳು. ಪಂಜದಿಂದ ಬಾಯಿ ಕೆರೆದುಕೊಳ್ಳುತ್ತಿದ್ದಳು, ಕರೆದರೆ ದನಿಯೇ ಇಲ್ಲ. ನಾನು ಕಿರುಚಿದ್ದು ಕೇಳಿ ಮೇಲಿನ ಮನೆಯಿಂದ ಓನರ್ ಮುನಿಯಮ್ಮ ಇಳಿದು ಬಂದರು.

"ಕೆರೆ ನೊರೆ ನೆಕ್ಕೈತೆ ಕಣಮ್ಮ. ನೆನ್ನೆ ಗಾಳೀಲಿ ನಮ್ ತಾರಸಿಗೂ ಆರ್ಕೊಂಡು ಬಂದಿತ್ತು. ಅದು ಬರೀ ಇಸ."

ಊರಿನ ಕೊಳಚೆ, ಕೆಮಿಕಲ್ ಸೇರಿ ನಮ್ಮ ಕೆರೆಯಲ್ಲಿ ಉಕ್ಕುವ ಆ ನೊರೆ ಮೈಗೆ ತಾಗಿದರೇ ತುರಿಸುತ್ತದೆ, ಇನ್ನು ಹೊಟ್ಟೆಗೆ ಹೋದರೆ?

ಪಶುವೈದ್ಯರಿಗೆ ಫೋನ್ ಮಾಡಿದೆ. "ಡಾಕ್ಟ್ರೇ, ಬೆಕ್ಕಿನ ಬಾಯಲ್ಲಿ ನೊರೆ ಬರ್ತಿದೆ."

"ಎಲ್ಲಿಂದ ಮಾತಾಡ್ತಿದೀರಾ?"

"ವರ್ತೂರು."

ಅವರಿಗೂ ಮೊದಲು ಹೊಳೆದದ್ದು ಅದೇ. "ಕೆರೆ ಹತ್ರ ಹೋಗಿತ್ತಾ?"

"ಇಲ್ಲ, ಅವಳು ಬಾಗಿಲೇ ದಾಟಲ್ಲ."

"ಹಾಗಾದ್ರೆ ಮನೇಲಿ ಗಿಡ ಏನಿದೆ ನೋಡಿ."

ಟಿವಿ ಪಕ್ಕದ ಬಾಟಲಿಯಲ್ಲಿ ಮನಿ ಪ್ಲಾಂಟ್ ಇತ್ತು. ನಾವು ಹಾಲುಕ್ಕಿಸಿದ ದಿನ ಮುನಿಯಮ್ಮನೇ ಲಕ್ಷ್ಮಿ ಬರಲಿ ಎಂದು ಕೊಟ್ಟದ್ದು. ಎಲೆಯ ಮೇಲೆ ಪುಟ್ಟ ಹಲ್ಲಿನ ಗುರುತುಗಳು. ಡಾಕ್ಟರಿಗೆ ಹೇಳಿದೆ.

"ಅದೇ ಮೇಡಂ. ಬೆಕ್ಕಿಗೆ ಅದು ಆಗಲ್ಲ, ಬಾಯಿ ಉರೀತಿರತ್ತೆ. ಒದ್ದೆ ಬಟ್ಟೇಲಿ ಒರೆಸಿ ಕರ್ಕೊಂಡು ಬನ್ನಿ. ಜೀವಕ್ಕೇನೂ ಭಯ ಇಲ್ಲ."

ತೋರಿಸಿಕೊಂಡು ಬಂದೆವು. ಚಿನ್ನಿ ಈಗ ಮಲಗಿದ್ದಾಳೆ. ಹೊಟ್ಟೆ ಏರಿಳಿಯುತ್ತಿದೆಯೇ ಎಂದು ಮತ್ತೆ ಮತ್ತೆ ಬಗ್ಗಿ ನೋಡುತ್ತಿದ್ದೇನೆ.

ಬಾಟಲಿಯನ್ನು ಹೊರಗಿನ ಮೆಟ್ಟಿಲ ಮೇಲಿಟ್ಟೆ. ಮುನಿಯಮ್ಮ ಗಾಬರಿಯಾಗಿ ಓಡಿ ಬಂದರು.

"ಆಚೆ ಮಡಗ್ಬೇಡ ಕಣಮ್ಮ, ನೊರೆ ಬಿದ್ದು ಗಿಡ ಸತ್ತೋಯ್ತದೆ."