ಇಬ್ಬರು ರಂಗಪ್ಪರು ಮತ್ತು ಚಿಕ್ಕಜ್ಜಿ

ಚಿಕ್ಕಜ್ಜಿಯ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿ ಎರಡಾಗಿತ್ತು. ವರ್ಷಗಟ್ಟಲೆ ತೆಂಗಿನ ಗರಿ ಸೀಳಿ ಕಡ್ಡಿ ತೆಗೆದ ಉಗುರು ಅದು. ಮಾತಾಡುವಾಗಲೂ ಕೈ ನಿಲ್ಲುತ್ತಿರಲಿಲ್ಲ. ಗರಿಯ ಬುಡಕ್ಕೆ ಉಗುರು ಚುಚ್ಚಿ ಸರ್ರನೆ ಎಳೆದರೆ ಎಲೆ ಒಂದು ಕಡೆ, ಕಡ್ಡಿ ಒಂದು ಕಡೆ. ನಾನು ಎಣಿಸಿದ್ದೇನೆ: ಒಂದು ಪೊರಕೆಗೆ ನೂರಿಪ್ಪತ್ತು ಕಡ್ಡಿಗಿಂತ ಕಡಿಮೆ ಹಾಕುತ್ತಿರಲಿಲ್ಲ.

ಬಿಳಿಗೆರೆಯ ನಮ್ಮ ಮನೆಯ ಹಿಂಭಾಗದಲ್ಲಿ, ಕೊಬ್ಬರಿ ಅಟ್ಟದ ಕೆಳಗಿನ ಕೋಣೆ ಅವರದು. ಮಕ್ಕಳಿಲ್ಲದ ವಿಧವೆ, ಒಲೆಯೂ ಬೇರೆ. ಅವರು ನಮಗೆ ಏನಾಗಬೇಕು ಎಂದು ಕೇಳಿದರೆ ಅಮ್ಮ, "ನಾನು ಮಾಯಸಂದ್ರದಿಂದ ಮದ್ವೆಯಾಗಿ ಬಂದಾಗ್ಲೇ ಇದ್ರು ಕಣೇ. ನಿಮ್ಮ ತಾತನ ಕಡೆಯೋರು. ಅತ್ತೇನ ಕೇಳೋಕೆ ನಂಗೇನು ಧೈರ್ಯ ಇತ್ತಾ?" ಎನ್ನುತ್ತಿದ್ದಳು. ಊರವರು ಅವರನ್ನು 'ರಂಗಪ್ಪನ ಹೆಂಡ್ತಿ' ಎನ್ನುತ್ತಿದ್ದರು. ರಂಗಪ್ಪ ನನ್ನ ತಾತನ ಹೆಸರು.

ಆ ತಾತನನ್ನು ನಾನು ನೋಡಿಲ್ಲ. ನಾನು ಆರನೇ ಕ್ಲಾಸಿನಲ್ಲಿದ್ದಾಗ ಅಪ್ಪನೂ ತೀರಿಕೊಂಡರು. ಮನೆಯಲ್ಲಿ ಅಮ್ಮ, ನಾನು ಇಬ್ಬರೇ. ತಿಪಟೂರಿನ ಕಾಲೇಜಿಗೆ ಸೇರಿದ ವರ್ಷ, ಎಪ್ಪತ್ತೊಂಬತ್ತರಲ್ಲಿ, ನಮ್ಮ ಮನೆತನದವರ ಹೆಸರುಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆಯಲು ಹೊರಟೆ. ಪುಟದ ಮೇಲಾದರೂ ನಮ್ಮವರೆನ್ನುವ ಜನ ತುಂಬಲಿ ಎಂಬ ಆಸೆ. ತಾತನನ್ನು ಹತ್ತಿರದಿಂದ ಕಂಡವರಲ್ಲಿ ಉಳಿದಿದ್ದವರು ಚಿಕ್ಕಜ್ಜಿ ಒಬ್ಬರೇ. ಪ್ರತಿ ಭಾನುವಾರ ಅವರ ಎದುರು ಕುಳಿತೆ.

"ಅದೇನ್ ಬರ್ಕಂತೀಯ ಅಷ್ಟೊಂದು? ಸತ್ತೋರು ಬಂದು ಓದ್ತಾರಾ?" ಎಂದು ನಗುತ್ತಿದ್ದರು. ಆದರೆ ಹೇಳುತ್ತಿದ್ದರು. ಹೆಸರನ್ನು ಮಾತ್ರ ಒಮ್ಮೆಯೂ ಎತ್ತಲಿಲ್ಲ. ಎಲ್ಲ ಕಥೆಯೂ 'ಅವ್ರು' ಎಂದೇ ಶುರುವಾಗುತ್ತಿತ್ತು.

"ಅವರು ಅಂದ್ರೆ ರಂಗಪ್ಪನಾ?" ಎಂದು ಕೇಳಿದರೆ, "ಹೂಂ ಮತ್ತೆ."

"ನೀವೇ ಒಂದ್ಸಲ ಹೇಳಿ ಅಜ್ಜಿ."

"ಗಂಡನ ಹೆಸ್ರು ಹೇಳಿದ್ರೆ ಅವರ ಆಯಸ್ಸು ಕಮ್ಮಿ ಆಯ್ತದೆ ಕಣೇ."

"ಅವರು ಹೋಗಿ ಎಷ್ಟೋ ವರ್ಷ ಆಯ್ತಲ್ಲ?"

"ಆದ್ರೂ ಅಭ್ಯಾಸ ಬುಡು. ನಾಳೆ ನೀನೂ ಹೇಳಕಿಲ್ಲ, ನೋಡ್ತಿರು."

ಅಲ್ಲಿಗೆ ನನಗೆ ಲೆಕ್ಕ ಸಿಕ್ಕಿತು ಎನಿಸಿತು. ರಂಗಪ್ಪ ಅವರ ಗಂಡ. ರಂಗಪ್ಪ ನನ್ನ ತಾತ. ಅಂದರೆ ಚಿಕ್ಕಜ್ಜಿ ತಾತನ ಎರಡನೇ ಹೆಂಡತಿ.

ಎಂಟು ತಿಂಗಳಲ್ಲಿ ಇಪ್ಪತ್ಮೂರು ಕಥೆಗಳಾದವು. ಹಂದನಕೆರೆಯಿಂದ ಕೊಂಡು ತಂದ ಕರು ಹಳ್ಳ ದಾಟಲು ಒಲ್ಲದೆ ನಿಂತಾಗ ಅದನ್ನು ಹೆಗಲ ಮೇಲೆ ಹೊತ್ತು ಬಂದದ್ದು, ಊಟಕ್ಕೆ ಕೂತರೆ ನಗು ಬಂದು ನೆತ್ತಿಗೇರುತ್ತಿದ್ದದ್ದು. ಎಲ್ಲಕ್ಕಿಂತ ನನಗೆ ಇಷ್ಟವಾದದ್ದು ಕಪ್ಪೆಯ ಕಥೆ. ಅಷ್ಟು ದೊಡ್ಡ ಆಳು ಕಪ್ಪೆಗೆ ಹೆದರಿ, ಹೆಂಡತಿಯನ್ನು ಮುಂದೆ ಕಳಿಸದೆ ಬಾವಿಯ ಮೆಟ್ಟಿಲು ಇಳಿಯುತ್ತಿರಲಿಲ್ಲವಂತೆ. ನನಗೂ ಕಪ್ಪೆ ಎಂದರೆ ಜೀವ ಹೋಗುತ್ತದೆ. ಕಾಣದ ತಾತನಿಂದ ನನಗೆ ಏನೋ ಒಂದು ಬಂದಿದೆ ಎಂದು ಆ ರಾತ್ರಿ ಅಮ್ಮನಿಗೆ ಹೇಳಿ ಹೇಳಿ ಸಾಕುಮಾಡಿದ್ದೆ.

ವಂಶವೃಕ್ಷ ಬರೆದು ಮುಗಿಸಿದ ದಿನ ಅದನ್ನು ಚಿಕ್ಕಜ್ಜಿಗೆ ಓದಿ ಹೇಳಿದೆ. ಅವರಿಗೆ ಓದು ಬರುತ್ತಿರಲಿಲ್ಲ. ಅವರ ಹೆಸರು ಬಂದ ಕಡೆ ಕೈ ನಿಂತಿತು.

"ಎಲ್ಲಿ ಬರ್ದಿದ್ದೀಯ ನನ್ನ?"

"ಇಲ್ಲಿ, ತಾತನ ಪಕ್ಕದಲ್ಲಿ. ಎರಡನೇ ಹೆಂಡತಿ ಅಂತ."

ಅವರು ಕೈಯಲ್ಲಿದ್ದ ಗರಿಯನ್ನು ಕೆಳಗಿಟ್ಟರು. ಆಮೇಲೆ, "ಆ ಗೆರೆ ಅಳ್ಸು. ನಿಮ್ಮ ತಾತ ನಂಗೆ ಭಾವ" ಎಂದರು.

ಮೊದಲ ಗಂಡುಮಗುವಿಗೆ ತಾತನ ಹೆಸರಿಡುವುದು ನಮ್ಮ ಮನೆಯ ಪದ್ಧತಿ. ಹಿಂದಿನ ಒಬ್ಬ ರಂಗಪ್ಪನಿಗೆ ಇಬ್ಬರು ಗಂಡುಮಕ್ಕಳು. ಇಬ್ಬರೂ ತಮ್ಮ ಮೊದಲ ಮಗನಿಗೆ ಅದೇ ಹೆಸರಿಟ್ಟರು. ಹಿರಿಯನ ಮಗ ನನ್ನ ತಾತ. ಕಿರಿಯನ ಮಗ ಚಿಕ್ಕಜ್ಜಿಯ ಗಂಡ. ಮದುವೆಯಾದ ಎರಡನೇ ವರ್ಷ ಮೂರು ದಿನದ ಜ್ವರದಲ್ಲಿ ಅವರು ಹೋದರು. ತಾತ ಆಕೆಗೆ ಈ ಕೋಣೆ ಬಿಟ್ಟುಕೊಟ್ಟ. ಗಂಡನ ಹೆಸರನ್ನೂ ಹೇಳುವಂತಿಲ್ಲ, ಭಾವನ ಹೆಸರನ್ನೂ ಹೇಳುವಂತಿಲ್ಲ. ಅವರ ಬಾಯಲ್ಲಿ ಇಬ್ಬರೂ 'ಅವ್ರು'.

"ಊರೋರು ಏನಾರ ಅಂದ್ಕಳ್ಲಿ, ಅದು ಗಾಳಿಗೆ ಹೋಯ್ತದೆ. ನೀನು ಬರ್ದು ಇಡ್ತೀಯ, ಅದು ಉಳೀತದೆ. ಭಾವನ ಮನೇಲಿ ಇದ್ದೆ, ನಿಜ. ಅವರ ಹೆಂಡ್ತಿ ಅಂತ ಬರೆಸ್ಕಳ್ಳೋಕೆ ಇರ್ಲಿಲ್ಲ ಕಣೇ."

ಮುಂದಿನ ಎರಡು ಭಾನುವಾರ ಕಥೆಗಳನ್ನು ಒಂದೊಂದಾಗಿ ಓದಿದೆ. ಅವರು 'ನಿಮ್ಮ ತಾತ' ಅಥವಾ 'ನಮ್ಮೋರು' ಎಂದು ಬೇರೆ ಮಾಡಿದರು. ತಾತನ ಪಾಲಿಗೆ ಏಳು ಬಂದವು, ಅವರ ಗಂಡನಿಗೆ ಹದಿನಾಲ್ಕು. ಉಳಿದ ಎರಡು ಯಾರದೆಂದು ಅವರಿಗೇ ತಿಳಿಯಲಿಲ್ಲ. "ಇಷ್ಟು ವರ್ಷಕ್ಕೆ ನಾನೇ ಸೇರಿಸಿಬುಟ್ಟೆನೇನೋ" ಎಂದು ಸೆರಗಿನಿಂದ ಮುಖ ಒರೆಸಿಕೊಂಡರು.

ಕರು ಹೊತ್ತವನು ನನ್ನ ತಾತನಲ್ಲ. ನಗುತ್ತಿದ್ದವನೂ ಅಲ್ಲ. ತಾತನಿಗೆ ಉಳಿದ ಏಳರಲ್ಲಿ ಐದು ಬರೀ ಹೊಲ-ತೋಟದ ಮಾತು. ಕಪ್ಪೆಯ ಕಥೆಯೂ ಅವರ ಗಂಡನ ಪಾಲಿಗೆ ಹೋದಾಗ ನನ್ನ ಪೆನ್ನು ಮುಂದೆ ಹೋಗಲಿಲ್ಲ. ಚಿಕ್ಕಜ್ಜಿ ನೋಡಿದರು.

"ಯಾಕೆ, ಅಳ್ತೀಯ?"

"ಇಲ್ಲ."

"ಕಪ್ಪೆ ಭಯ ನೀನೇ ಇಟ್ಕೋ. ಅವರಿಗೇನು ಮಕ್ಳೇ ಮರಿಯೇ, ಇನ್ಯಾರಿಗೆ ಕೊಡ್ತಾರೆ?"

ನಾನು ಹೊಸ ಪುಟದಲ್ಲಿ ಇಬ್ಬರು ರಂಗಪ್ಪರನ್ನು ಬೇರೆ ಬೇರೆ ಬರೆದೆ. ಅವರು ಕೇಳಿದ್ದಕ್ಕೆ, ಅವರ ಗಂಡನ ಹೆಸರನ್ನು ಮೂರು ಸಲ ಗಟ್ಟಿಯಾಗಿ ಓದಿದೆ. ತಲೆ ತಗ್ಗಿಸಿ ಕೇಳಿಸಿಕೊಂಡರು.

ಎಂಬತ್ನಾಲ್ಕರ ಬೇಸಿಗೆಯಲ್ಲಿ ಚಿಕ್ಕಜ್ಜಿ ತೀರಿಕೊಂಡರು. ಸಾವು ಬರೆಸಲು ಕಚೇರಿಗೆ ಹೋದವಳು ನಾನೇ.

"ಗಂಡನ ಹೆಸ್ರು?" ಎಂದರು ಗುಮಾಸ್ತರು.

"ರಂಗಪ್ಪ."

"ಗೊತ್ತು ಬುಡವ್ವ, ನಿಮ್ಮ ತಾತ ಅಲ್ವಾ?"

"ಅಲ್ಲ. ತಾತನ ಚಿಕ್ಕಪ್ಪನ ಮಗ. ಬೇರೆಯವರು."

ಅವರು ಒಮ್ಮೆ ತಲೆಯೆತ್ತಿ ನೋಡಿ, ಆ ಅಂಕಣದಲ್ಲಿ ರಂಗಪ್ಪ ಎಂದಷ್ಟೇ ಬರೆದುಕೊಂಡರು. ಅದಕ್ಕಿಂತ ಹೆಚ್ಚು ಬರೆಯಲು ಅಲ್ಲಿ ಜಾಗವೂ ಇರಲಿಲ್ಲ. ಬಿಳಿಗೆರೆಗೆ ಮರಳಿ ಬಂದು ಅಂದಿನ ಡೈರಿಯಲ್ಲಿ ನಾನು ಬರೆದದ್ದು ಒಂದೇ ಸಾಲು: 'ಇವತ್ತಿನಿಂದ ಅವರಿಬ್ಬರನ್ನು ಬೇರೆ ಬೇರೆಯಾಗಿ ಬಲ್ಲವಳು ನಾನೊಬ್ಬಳೇ.'